ಉಪ್ಪುನೀರು ಚಿಮುಕಿಸಿದ ಗೋದಲಿ

ಕ್ರಿಸ್ಮಸ್ಸಿಗೆ ನಮ್ಮ ಕಡೆ ನಾತಾಳ ಅನ್ನುತ್ತೇವೆ. ಮುಗಳಖೋಡದಿಂದ ಪಾಲಬಾವಿಗೆ ಹೋಗುವ ದಾರಿಯ ಬದಿಯಲ್ಲಿ, ನಮ್ಮ ಬೆರಳೆಣಿಕೆಯ ಮನೆಗಳವರು ಕೂಡಿ ಕಟ್ಟಿಕೊಂಡ ಸಣ್ಣ ದೇವಮಂದಿರವಿದೆ. ಅದರ ಮಗ್ಗುಲಿಗೆ ಒಂದು ಪಟ್ಟಿ ಹೊಲ. ಮಳೆಗಾಲದಲ್ಲಿ ಅಲ್ಲಿ ಸಜ್ಜಿ ಬೆಳೆಯುತ್ತೇವೆ. ಕೊಯ್ಲು ಮುಗಿದ ಮೇಲೆ ಅದು ಬರೀ ಬಯಲು. ಪ್ರತಿ ವರ್ಷ ನಾತಾಳದ ಸಂಜೆ ಆ ಬಯಲಿಗೆ ಮಲಕಾರಿಯ ಕುರಿಹಿಂಡು ಬಂದು ನಿಲ್ಲುತ್ತದೆ.

ಕುರುಬರು ಯಾರ ಹೊಲದಲ್ಲಿ ಹಿಂಡು ನಿಲ್ಲಿಸಿದರೂ ಹೊಲದವರು ಕಾಳು ಕೊಡುವುದು ರೂಢಿ. ಕುರಿ ಮಲಗಿ ಎದ್ದ ನೆಲ ಮರುವರ್ಷ ಒಂದಕ್ಕೆ ಎರಡು ಬೆಳೆಯುತ್ತದೆ, ಅದಕ್ಕೆ. ನಮ್ಮ ಪಟ್ಟಿಗೆ ಮಾತ್ರ ಅವರು ಕಾಳು ತೆಗೆದುಕೊಳ್ಳುವುದಿಲ್ಲ. ಒಂದು ಊಟ, ಒಂದು ಓದು, ಇಷ್ಟೇ. ಮಲಕಾರಿಯ ಅಪ್ಪ ಅಮೋಘಸಿದ್ದನ ಕಾಲದ ಮಾತು ಇದು. ಅವನು ಒಮ್ಮೆ ಹಿಂಡು ಹೊಡೆದುಕೊಂಡು ಹೋಗುವಾಗ ದೇವಮಂದಿರದ ಒಳಗೆ ಹಾಡು ಕೇಳಿ ನಿಂತನಂತೆ. ಬಾಗಿಲಲ್ಲಿದ್ದ ನಮ್ಮ ಮಾವನವರನ್ನು ಕೇಳಿದನಂತೆ:

"ಏನ ಹಬ್ಬರಿ ನಿಮ್ದು?"

ಮಾವನವರು ಹೇಳಿದರು, ನಮ್ಮ ಸ್ವಾಮಿ ಕೂಸಾಗಿ ಹುಟ್ಟಿ ಬಂದ ದಿವಸ, ಹುಟ್ಟಿದ ಸುದ್ದಿ ರಾಜನಿಗೂ ಮುಟ್ಟಲಿಲ್ಲ, ಪೂಜಾರಿಗೂ ಮುಟ್ಟಲಿಲ್ಲ, ಮೊದಲು ಮುಟ್ಟಿದ್ದು ಹೊಲದಲ್ಲಿ ಕುರಿ ಕಾಯುತ್ತಿದ್ದವರಿಗೆ.

ಅಮೋಘಸಿದ್ದ ಬಡಿಗೆ ನೆಲಕ್ಕೆ ಊರಿದ. "ಖರೇ ಹೇಳ್ತೀರಿ? ಕುರುಬರಿಗಿ?"

"ಕುರುಬರಿಗೇ."

"ಹಂಗಾದ್ರ ಇದು ನಮ್ಮ ಮಂದಿ ಸುದ್ದಿ ಆತು. ವರ್ಷಾ ಬರ್ತೀವಿ, ಓದಿ ಹೇಳ್ರಿ."

ಅಂದಿನಿಂದ ಬಂದರು. ಹಣೆಗೆ ಬೀರದೇವರ ಭಂಡಾರ ಹಚ್ಚಿಕೊಂಡೇ ಬಂದರು. ಅದನ್ನು ಅಳಿಸಿ ಬನ್ನಿ ಎಂದು ನಮ್ಮವರು ಯಾರೂ ಎಂದೂ ಅನ್ನಲಿಲ್ಲ. ಬೆಳಿಗ್ಗೆ ಹೋಗುವಾಗ ಕುರಿ ಕೂಡಿದ ದಡ್ಡಿಯ ಗೂಟಗಳನ್ನೆಲ್ಲ ಕಿತ್ತುಕೊಂಡು, ಮೂಲೆಯ ಒಂದೇ ಒಂದು ಗೂಟ ನೆಲದಲ್ಲೇ ಬಿಟ್ಟು ಹೋಗುತ್ತಾರೆ. ಮತ್ತೆ ಬರುತ್ತೇವೆ ಎನ್ನುವುದನ್ನು ಅವರು ಬಾಯಿಂದ ಹೇಳುವುದಿಲ್ಲ, ಹೀಗೆ ಹೇಳುತ್ತಾರೆ. ಇನ್ನೊಂದು ರೀತಿಯೂ ಅವರದಿದೆ. ಹೊಲದವರು ಒಮ್ಮೆ ಬೇಡ ಎಂದರೆ ಆ ಹೊಲಕ್ಕೆ ಅವರು ಮತ್ತೆ ಕಾಲಿಡುವುದಿಲ್ಲ. ಸಿಟ್ಟಿನಿಂದಲ್ಲ. ಜಾಗ ಕೇಳಿ ನಿಲ್ಲುವುದು ಅವರ ಪದ್ಧತಿಯಲ್ಲಿ ಇಲ್ಲ.

ಓದು ಮೊದಲು ಮಾವನವರದಾಗಿತ್ತು, ಆಮೇಲೆ ನಮ್ಮ ಯಜಮಾನರದು. ಅವರು ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂತು. ನಾನು ಅಕ್ಷರ ಕಲಿತದ್ದು ಮಕ್ಕಳೆಲ್ಲ ದೊಡ್ಡವರಾದ ಮೇಲೆ, ರಾತ್ರಿಶಾಲೆಯಲ್ಲಿ. ಜನರೆದುರು ನಾನು ಓದಿದ ಮೊದಲ ಪಾಠವೇ ಕುರುಬರ ಈ ಭಾಗ. ಬೆರಳಿಟ್ಟು ಬೆರಳಿಟ್ಟು ಓದಿದೆ. ಒಂದು ಉದ್ದನೆಯ ಒತ್ತಕ್ಷರದ ಹತ್ತಿರ ನಿಂತೇ ಬಿಟ್ಟೆ. ನಮ್ಮವರು ಯಾರೋ ಕೆಮ್ಮಿದರು. ಆಗ ಮಲಕಾರಿ ಅಂದ:

"ಸಾವಕಾಶ ಓದಕ್ಕಾ. ಕುರಿ ಕೂತಾವ, ನಾವೂ ಕೂತೇವಿ."

ಆ ಮಾತಿಗೆ ನಾನು ಇಂದಿಗೂ ಋಣಿ. ಆ ಮೇಲೆ ಯಾವ ಒತ್ತಕ್ಷರಕ್ಕೂ ನಾನು ಹೆದರಿಲ್ಲ.

ಈ ವರ್ಷ ನಾತಾಳದ ಕಾರಭಾರವೆಲ್ಲ ನನ್ನ ಸೊಸೆ ಕೋಮಲಳ ಕೈಗೆ ಬಂತು. ಕೋಮಲ ಕೆಟ್ಟವಳಲ್ಲ, ಮೊದಲೇ ಹೇಳಿಬಿಡುತ್ತೇನೆ. ನನ್ನ ಮೊಣಕಾಲಿಗೆ ದಿನಾ ಎಣ್ಣೆ ತಿಕ್ಕುವ ಕೈ ಅವಳದು. ಅವಳಿಗೆ ಆದದ್ದು ಇಷ್ಟು: ಹೋದ ವರ್ಷ ರಜೆ ಮುಗಿಸಿ ಶಾಲೆಗೆ ಹೋದ ಮೊಮ್ಮಗಳು ಉಜ್ವಲಾ ಸಂಜೆ ಅಳುತ್ತ ಬಂದಳು. ಗೆಳತಿಯರು ಕೇಳಿದ್ದರಂತೆ, "ಸಾಂತಾ ನಿಂಗೇನ ಕೊಟ್ಟ?" ಎಂದು. ಉಜ್ವಲಾ, "ನಮ್ಮಲ್ಲಿ ಕುರಿ ಬಂದಿದ್ವು" ಅಂದಳಂತೆ. ತರಗತಿಯೆಲ್ಲ ನಕ್ಕಿತಂತೆ. ಆ ನಗು ಕೋಮಲಳ ಹೊಟ್ಟೆಯಲ್ಲಿ ವರ್ಷವಿಡೀ ಕುಳಿತಿತ್ತು.

"ನಮ್ಮ ಹಬ್ಬ, ಅತ್ಯಾ. ನಮ್ಮ ಹುಡುಗೀನ ಯಾಕ ತಲಿ ತಗ್ಗಸಬೇಕು? ಈ ಸಲ ಹಂಗ ಮಾಡ್ತೀವಿ, ಅವ್ರ ಬಂದು ನೋಡಬೇಕು."

ಮುಗಳಖೋಡದಲ್ಲಿ ಮಿಕ್ಸರ್, ಫ್ರಿಜ್ ಮಾರುವ ಅಂಗಡಿ ಇಟ್ಟ ಅಮಿತ ಪೆಂಡಾಲು, ಸ್ಟೇಜು, ಸೌಂಡು, ದೀಪ ಎಲ್ಲ ತಾನೇ ಹಾಕಿಸಿಕೊಡುವೆನೆಂದ. ಕಬ್ಬಿನ ಹೊಲದ ಬಾಬಾಸಾಹೇಬನ ಮಗ ಅವನು, ನಗುಮುಖದ ಹುಡುಗ. ಬದಲಿಗೆ ಅವನ ಫ್ಲೆಕ್ಸ್ ಹಾಕಬೇಕು, ಕೊನೆಗೆ ಅವನ ಲಕ್ಕಿ ಡ್ರಾ ಆಗಬೇಕು. ಫ್ಲೆಕ್ಸ್ ಬಂತು. ನಡುವೆ ಒಂದು ಬಟ್ಟೆ ಒಗೆಯುವ ಮಶೀನು, ಎಡಕ್ಕೆ ಕೈಮುಗಿದ ಅಮಿತ, ಬಲಕ್ಕೆ ಕೆಂಪು ಟೊಪ್ಪಿಗೆಯ ಸಾಂತಾ. ಕೆಳಗಿನ ಮೂಲೆಯಲ್ಲಿ, ಫೋನ್ ನಂಬರಿನ ಪಕ್ಕ, ಬಾಲಯೇಸು. ಕನ್ನಡಕ ಹಾಕಿಕೊಂಡು ಹುಡುಕಬೇಕಾಯಿತು.

"ಕೂಸು ಭಾಳ ಸಣ್ಣದಾತಲ್ಲವಾ," ಅಂದೆ.

"ಕೂಸು ಸಣ್ಣದ ಇರತಾವ ಅತ್ಯಾ," ಅಂದಳು ಕೋಮಲ. ಅವಳ ಬಾಯಿಗೆ ನಾನು ಎಂದೂ ಗೆದ್ದಿಲ್ಲ.

ಪೆಂಡಾಲು ಹಾಕುವುದು ಸಜ್ಜಿಯ ಪಟ್ಟಿಯಲ್ಲಿ ಎಂದು ಗೊತ್ತಾದ ದಿನ ನಾನು ಕೇಳಿದೆ, "ಮತ್ತ ಮಲಕಾರಿ ಕುರಿ?"

ಚಹಾ ಕುಡಿಯಲು ಬಂದಿದ್ದ ನಮ್ಮ ಪಾಸ್ಟರ್ ಹಾಲೇಶ ಬಸಿಯಲ್ಲಿ ನೋಡುತ್ತ ಕುಳಿತರು. ವಯಸ್ಸಿನಲ್ಲಿ ನನ್ನ ಮಗನಿಗಿಂತ ಸಣ್ಣವರು.

"ಒಂದ ವರ್ಷದ ಮಾತ ಆಯಿ," ಅಂದರು ಮೆಲ್ಲಗೆ. "ಮಂದಿ ಹೊಸಾ ಅರಿವಿ ಹಾಕ್ಕೊಂಡ ಬಂದಿರತಾರ. ಕುರಿ ಹಿಕ್ಕಿ, ವಾಸನಿ..."

"ಮತ್ತ ಓದು?"

"ಅದಕ್ಕ ಸ್ಕ್ರೀನ್ ಐತಿ ಅತ್ಯಾ," ಅಂದಳು ಕೋಮಲ. "ವಿಡಿಯೋದಾಗ ದೂತರು ಹಾರಿ ಬರೋದು, ಬೆಳಕು, ಎಲ್ಲಾ ಕಾಣಿಸತೈತಿ. ನಿಮಗೂ ಬೆರಳ ಇಟಗೊಂಡು ಓದೋ ತ್ರಾಸ ತಪ್ಪತೈತಿ."

ನನ್ನ ಒಳ್ಳೆಯದಕ್ಕೇ ಹೇಳಿದಳು. ನನ್ನ ಮಗ ರಾಜಾರಾಮ ಅಂಗಳದಲ್ಲಿ ನಿಂತು ಫೋನ್ ಹಚ್ಚಿದ. "ಕಾಕಾ, ಈ ವರ್ಷ ನಮ್ಮಲ್ಲಿ ಜಾಗಾ ಇಲ್ರಿ. ಹಂಗ ಮುಂದ ಹೋಗ್ರಿ." ಆ ಕಡೆಯಿಂದ ಮಲಕಾರಿ ಅಂದದ್ದು ನನಗೂ ಕೇಳಿಸಿತು. "ಹೂಂ. ಆತಪಾ." ಬೇರೇನೂ ಇಲ್ಲ. ರಾಜಾರಾಮ ಫೋನ್ ಕಿಸೆಗೆ ಹಾಕಿಕೊಂಡು ನನ್ನ ಮುಖ ನೋಡದೆ ಬೈಕ್ ಒರೆಸತೊಡಗಿದ.

ಆ "ಹೂಂ" ಏನೆಂದು ನನಗೆ ಗೊತ್ತಿತ್ತು. ಒಂದು ವರ್ಷದ ಮಾತಲ್ಲ ಅದು. ನಾತಾಳದ ಸಂಜೆ ಹಿಂಡು ನಮ್ಮ ಹೊಲ ದಾಟಿ ಮುಂದೆ ಹೋಯಿತೆಂದರೆ ಹೋದ ಹಾಗೆಯೇ. ಮೂರು ತಲೆಮಾರಿನ ನಡೆ ನಿಂತು ಹೋಗುತ್ತಿತ್ತು. ಮರುದಿನ ಪೆಂಡಾಲಿನವರು ಕಂಬ ನೆಡಲು ಬಂದು ಮೂಲೆಯ ಆ ಗೂಟ ಕಿತ್ತು ಒಗೆದರು. ಜಾಲಿ ಕಟ್ಟಿಗೆಯ ಗೂಟ, ತಲೆ ಬಡಿಸಿಕೊಂಡು ಬಡಿಸಿಕೊಂಡು ಹೂವಿನಂತೆ ಅರಳಿತ್ತು. ನಾನು ಅದನ್ನು ಸೆರಗಿನಲ್ಲಿ ಒರೆಸಿ ತಂದು ಬಾಗಿಲ ಹಿಂದೆ ಇಟ್ಟೆ. ದೇವರೇ, ನನಗೆ ಜಗಳ ಬರುವುದಿಲ್ಲ, ಕಾಯುವುದೊಂದು ಬರುತ್ತದೆ, ಕಾಯುತ್ತೇನೆ ಅಂದೆ.

ಮನೆಯಲ್ಲಿ ತಾಲೀಮು ನಡೆಯಿತು. ಮಕ್ಕಳ ನಾಟಕದಲ್ಲಿ ಉಜ್ವಲಾ ಛತ್ರದ ಯಜಮಾನ. ಹೆರಿಗೆಗೆ ಬಂದ ತಾಯಿಗೆ ಜಾಗ ಕೊಡದವನು. ಕಾಡಿಗೆಯ ಮೀಸೆ ಬರೆದುಕೊಂಡು ಅಡುಗೆಮನೆಯ ಹೊಸ್ತಿಲಲ್ಲಿ ನಿಲ್ಲುವಳು. ಕೋಮಲ ರೊಟ್ಟಿ ಬಡಿಯುತ್ತಲೇ ಕಲಿಸುವಳು:

"ಹಂಗಲ್ಲಾ, ಗಟ್ಟ್ಯಾಗಿ ಅನ್ನು. ಕೈ ಮುಂದ ಮಾಡಿ ಅನ್ನು. ಜಾಗಾ ಇಲ್ಲ! ಮುಂದ ಹೋಗ್ರಿ!"

"ಜಾಗಾ ಇಲ್ಲ, ಮುಂದ ಹೋಗ್ರಿ."

"ನಿಮ್ಮಪ್ಪ ಫೋನಿನ್ಯಾಗ ಅಂದಂಗ ಅನಬ್ಯಾಡ, ಜೋರ ಬರ್ಲಿ!"

ಅಂದವಳು ತಾನೇ ಒಂದು ಕ್ಷಣ ರೊಟ್ಟಿಯ ಮೇಲೆ ಕೈ ನಿಲ್ಲಿಸಿದಳು. ಆಮೇಲೆ ಮತ್ತೆ ಬಡಿದಳು.

ನಾತಾಳದ ದಿನ ಬಂತು. ಸ್ಟೇಜಿನ ಮೇಲೆ ಥರ್ಮಾಕೋಲಿನ ಕೊಟ್ಟಿಗೆ, ಥರ್ಮಾಕೋಲಿನ ಕುರಿಗಳು, ಅವುಗಳ ಮೈಮೇಲೆ ಅಂಟಿಸಿದ ಹತ್ತಿ. ಮೇವು ಹಾಕುವ ಗೋದಲಿ ಮಾತ್ರ ಕಟ್ಟಿಗೆಯದು, ನಮ್ಮ ಹಳೆಯ ದನದ ಕೊಟ್ಟಿಗೆಯಿಂದಲೇ ತಂದದ್ದು. ಅದಕ್ಕೆ ಹಾಸಲು ಕೋಮಲ ಫೋನಿನಲ್ಲಿ ಬಂಗಾರದ ಬಣ್ಣದ ಪ್ಲಾಸ್ಟಿಕ್ ಹುಲ್ಲು ತರಿಸಿದ್ದಳು. ಪೊಟ್ಟಣ ಬಿಚ್ಚಿದರೆ ಒಂದು ಮುಷ್ಟಿ. ಗೋದಲಿಯ ತಳವೂ ಮುಚ್ಚಲಿಲ್ಲ.

"ಅತ್ಯಾ, ನಿಮ್ಮ ಕಾಲ ಬೀಳ್ತೀನಿ, ಗ್ವಾದ್ಲಿ ಒಂದು ನೀವ ತುಂಬಿ ಬಿಡ್ರಿ. ನಾ ಮೈಕ್ ನೋಡಬೇಕು."

ನಾನು ಹಿತ್ತಲಿಗೆ ಹೋಗಿ ಶೇಂಗಾ ಹೊಟ್ಟು ತಂದೆ. ಮಣ್ಣು ಜಾಡಿಸಿ, ಕಾಂಡದ ತುಂಡು ಆರಿಸಿ, ಮೆತ್ತಗಿನದನ್ನಷ್ಟೇ ಹಾಸಿದೆ. ಮೇಲೆ ಉಪ್ಪುನೀರು ಚಿಮುಕಿಸಿದೆ. ನನ್ನ ಆಡಿಗೆ ದಿನಾ ಹಾಗೆ ಮಾಡುತ್ತೇನೆ. ಪ್ರತಿ ನಾತಾಳಕ್ಕೆ ಮಲಕಾರಿಯ ಮುಂದಾಳು ಹೋತಕ್ಕೂ ಒಂದು ಬುಟ್ಟಿ ಹಾಗೆಯೇ ಮಾಡಿ ಇಡುತ್ತಿದ್ದೆ. ಗೋದಲಿ ತುಂಬು ಅಂದರೆ ನನ್ನ ಕೈಗೆ ಗೊತ್ತಿರುವುದು ಅದೊಂದೇ ರೀತಿ. ಅದರ ಮೇಲೆ ಬಿಳಿ ಬಟ್ಟೆ ಹಾಸಿ, ಗೊಂಬೆಯ ಕೂಸನ್ನು ಮಲಗಿಸಿ, ಹೋಗಿ ಹಿಂದಿನ ಕುರ್ಚಿಯಲ್ಲಿ ಕುಳಿತೆ. ಸೆರಗಿನ ಕೆಳಗೆ ಓದುವ ವೇದಪುಸ್ತಕವಿತ್ತು. ಪ್ರತಿ ವರ್ಷದ ರೂಢಿ, ತಂದಿದ್ದೆ.

ಹೊತ್ತು ಮುಳುಗಲು ಇನ್ನೂ ಸ್ವಲ್ಪ ಇತ್ತು. ಜನ ತುಂಬಿದರು, ಉಜ್ವಲಾಳ ಗೆಳತಿಯರೂ ಬಂದರು. ಸೌಂಡಿನ ಬಡಿತಕ್ಕೆ ನನ್ನ ಎದೆಗೂಡೇ ಡಬ್ಬಿಯಂತೆ ಅಲುಗಿತು. ರಾಜಾರಾಮ ಹೊಟ್ಟೆಗೆ ದಿಂಬು ಕಟ್ಟಿಕೊಂಡು, ಹತ್ತಿಯ ಗಡ್ಡ ಅಂಟಿಸಿಕೊಂಡು, ಬೆವರುತ್ತ ಚಾಕಲೇಟು ಹಂಚಿದ. "ಸಾಂತಾ, ನಿನ್ನ ಚಪ್ಪಲ ನಮ್ಮ ರಾಜೂಮಾಮಾಂದ ಐತಿ," ಅಂದಿತು ಒಂದು ಹುಡುಗಿ. ಅಮಿತ ಮೈಕ್ ಹಿಡಿದು ಮಿಕ್ಸರಿನ ಗುಣಗಾನ ಮಾಡಿದ. ಆಮೇಲೆ ನಾಟಕ.

ಅಷ್ಟರಲ್ಲಿ ರಸ್ತೆಯ ಮೇಲೆ ಗಂಟೆಯ ಸದ್ದು. ನನಗೊಬ್ಬಳಿಗೇ ಕೇಳಿಸಿರಬೇಕು, ಕಾಯುತ್ತಿದ್ದವಳು ನಾನೊಬ್ಬಳೇ. ಮಲಕಾರಿಯ ಹಿಂಡು. ಬಾಬಾಸಾಹೇಬನ ಕಟಾವಾದ ಕಬ್ಬಿನ ಹೊಲಕ್ಕೆ ಹೊರಟಿತ್ತು. ಮುಂದೆ ಕಂಬಳಿ ಹೊದ್ದ ಮಲಕಾರಿ, ಹಿಂದೆ ಸಾಮಾನು ಹೇರಿದ ಕುದುರೆ, ಕುದುರೆಯ ಪಕ್ಕ ಅವನ ಹೆಂಡತಿ ತಾರವ್ವ. ಇಬ್ಬರೂ ನಮ್ಮ ಕಡೆ ನೋಡಲಿಲ್ಲ. ಬೇಡ ಎಂದ ಹೊಲವನ್ನು ನೋಡದೆ ದಾಟುವುದೂ ಅವರ ಮರ್ಯಾದೆಯೇ. ಪುಸ್ತಕ ಗಟ್ಟಿಯಾಗಿ ಹಿಡಿದುಕೊಂಡೆ. ಹೋಯಿತು, ಅಂದುಕೊಂಡೆ.

ಸ್ಟೇಜಿನ ಮೇಲೆ ಉಜ್ವಲಾ ಕೈ ಮುಂದೆ ಚಾಚಿ, ಕಲಿಸಿದ್ದಕ್ಕಿಂತ ಜೋರಾಗಿ, ಮೈಕಿನಲ್ಲಿ ಕೂಗಿದಳು:

"ಜಾಗಾ ಇಲ್ಲ! ಮುಂದ ಹೋಗ್ರಿ!"

ರಸ್ತೆಯ ಮೇಲೆ ಮಲಕಾರಿಯ ಹೆಜ್ಜೆ ಒಮ್ಮೆ ತಡೆಯಿತು. ಮತ್ತೆ ನಡೆದ.

ಆದರೆ ಹೋತ ನಡೆಯಲಿಲ್ಲ. ಕರಿಯ ಹೋತ, ಮುಂದಾಳು, ಎಷ್ಟೋ ನಾತಾಳ ಕಂಡದ್ದು. ಅದಕ್ಕೆ ಫೋನಿನ ಮಾತು ಯಾರೂ ಹೇಳಿರಲಿಲ್ಲ. ಮೂಗು ಎತ್ತಿ ಗಾಳಿ ಹಿಡಿಯಿತು. ಶೇಂಗಾ ಹೊಟ್ಟು, ಉಪ್ಪು. ರಸ್ತೆ ಬಿಟ್ಟು ಸೀದಾ ಪೆಂಡಾಲಿಗೆ ತಿರುಗಿತು. ಹೋತ ತಿರುಗಿದರೆ ಕುರಿ ಕೇಳುತ್ತವೆಯೇ? ಇಡೀ ಹಿಂಡು ತುಂಬಿದ ಹಳ್ಳದಂತೆ ಒಳಗೆ ನುಗ್ಗಿತು.

ಹೆಂಗಸರು ಸೀರೆ ಎತ್ತಿಕೊಂಡು ಕುರ್ಚಿ ಹತ್ತಿದರು. ಥರ್ಮಾಕೋಲಿನ ಕುರಿಗಳು ನಿಜವಾದ ಕುರಿಗಳ ಕಾಲಡಿ ಚೂರಾದವು. ಯಾವುದೋ ಆಡು ಸಾಂತಾನ ಗಡ್ಡ ಹಿಡಿದು ಎಳೆಯಿತು. "ಬಿಡಲೇ! ಅದು ಅಂಟ ಐತಲೇ!" ಎಂದು ರಾಜಾರಾಮ ಒದರಿದ. ಗಡ್ಡ ಹೋಯಿತು, ದಿಂಬು ಜಾರಿತು. ನಮ್ಮ ಓಣಿಯ ಹಿರಿಯ ಬಾಳಾಸಾಬ ನಗುತ್ತ ನಗುತ್ತ ಕುರ್ಚಿಯ ಸಮೇತ ಬಿದ್ದ. ಕುರಿಗಳ ಕಾಲಿಗೆ ವಾಯರು ಸಿಕ್ಕಿ ಎಳೆದದ್ದೇ ಸೌಂಡು ಬಂದ್, ಸ್ಕ್ರೀನು ಬಂದ್, ಬಣ್ಣದ ದೀಪಗಳೆಲ್ಲ ಬಂದ್.

ಕರಿಯ ಹೋತ ಸ್ಟೇಜಿನ ಮೆಟ್ಟಿಲು ಹತ್ತಿ ಗೋದಲಿಗೆ ಬಾಯಿ ಹಾಕಿ ನಿಂತಿತು. ಅದರ ಹಿಂದೆ ಇನ್ನಷ್ಟು. ಎಲ್ಲ ಸದ್ದೂ ಅಡಗಿದ ಆ ಬಯಲಲ್ಲಿ ಗಂಟೆಗಳ ಕಿಣಿಕಿಣಿ ಮತ್ತು ಹೊಟ್ಟು ಜಗಿಯುವ ಸದ್ದು. ನನಗೆ ಅದಕ್ಕಿಂತ ಹಿತವಾದದ್ದು ಆ ಸಂಜೆ ಕೇಳಿರಲಿಲ್ಲ.

ಮಲಕಾರಿ ಓಡಿ ಬಂದ. ರುಮಾಲು ಕೈಯಲ್ಲಿ ಹಿಡಿದು ಎಲ್ಲರಿಗೂ ಕೈ ಮುಗಿದ.

"ತಪ್ಪಾತ್ರಿ, ತಪ್ಪಾತು. ನೀವು ಜಾಗಾ ಇಲ್ಲ ಅಂದಿದ್ರಿ, ನಾವ ಮುಂದ ಹೊಂಟಿದ್ವಿ. ಇವಕ್ಕ ತಿಳೀಲಿಲ್ಲ. ಈಗ ಹೊಳ್ಳಸತೀನಿ, ಈಗ." ಎಂದು ಸಿಳ್ಳೆ ಹಾಕಿದ. ಕುರಿಗಳು ತಲೆ ಎತ್ತಲಿಲ್ಲ.

ತಾರವ್ವ ಹಿಂದಿನಿಂದ ಬಂದಳು. ಅವಳು ಯಾರಿಗೂ ಕೈ ಮುಗಿಯಲಿಲ್ಲ. ಸೀದಾ ಗೋದಲಿಗೆ ಹೋಗಿ ಒಂದು ಎಳೆ ಹೊಟ್ಟು ಎತ್ತಿ ನಾಲಿಗೆಗೆ ಹಚ್ಚಿ ನೋಡಿದಳು.

"ಉಪ್ಪುನೀರ ಹೊಡದಾರ!" ಅಂದಳು, ಗಂಡನ ಕಡೆ ತಿರುಗಿ. "ನಿಂದ್ಯಾಕೋ ತಪ್ಪಾತು? ಊಟಕ್ಕ ಹಾಕಿಟ್ಟು ಆಮ್ಯಾಲ ಏಳ್ರಿ ಅಂದ್ರ, ತಪ್ಪು ಉಂಡವರದೋ ಬಡಿಸಿದವರದೋ?"

ಕೋಮಲ ನನ್ನ ಕಡೆ ನೋಡಿದಳು. ಅವಳ ಜರಿ ಸೀರೆಯ ಅಂಚಿನ ಮೇಲೆ ಒಂದು ಮರಿ ನಿಂತಿತ್ತು.

"ಅತ್ಯಾ. ಉಪ್ಪ ಹಾಕಿದ್ರ್ಯಾ?"

"ಹಾಕಿದ್ನವಾ," ಅಂದೆ. "ಗ್ವಾದ್ಲಿ ತುಂಬು ಅಂದಿ. ಸಪ್ಪನ ಗ್ವಾದ್ಲಿ ನಾ ಎಂದೂ ತುಂಬಿಲ್ಲ."

ಯಾರೋ ಕಿಸಕ್ಕನೆ ನಕ್ಕರು. ಕೋಮಲ ನಗಲಿಲ್ಲ. ಕಣ್ಣು ತುಂಬಿಕೊಂಡಿದ್ದಳು. ವರ್ಷವಿಡೀ ಎದೆಯಲ್ಲಿ ಕಟ್ಟಿಕೊಂಡ ಹಬ್ಬ ಚೂರುಚೂರಾಗಿ ಕಾಲಡಿ ಬಿದ್ದಿತ್ತು. ಸಾಲದ್ದಕ್ಕೆ ಉಜ್ವಲಾಳ ಗೆಳತಿಯರೆಲ್ಲ ನೋಡುತ್ತಿದ್ದರು. ಎದ್ದು ಅವಳ ಬಳಿ ಹೋಗಬೇಕೆಂದೆ, ಮೊಣಕಾಲು ಏಳಗೊಡಲಿಲ್ಲ.

ಆಗ ನೋಡಿದೆ, ಆ ಗೆಳತಿಯರು ನಗುತ್ತಿರಲಿಲ್ಲ. ಒಬ್ಬಳು ನೆಲಕ್ಕೆ ಕುಳಿತು ಮರಿಯೊಂದರ ಕಿವಿ ಮುಟ್ಟುತ್ತಿದ್ದಳು. "ಉಜ್ಜೀ, ಇವು ಪ್ರತಿ ವರ್ಷ ಬರತಾವ? ಖರೇ? ನಿಮಗಷ್ಟ?" ಅಂದಳು.

ಕಾಡಿಗೆ ಮೀಸೆಯ ಉಜ್ವಲಾ ಒಮ್ಮೆ ಅಮ್ಮನನ್ನು ನೋಡಿದಳು, ಒಮ್ಮೆ ಗೆಳತಿಯನ್ನು. "ಹೂಂ," ಅಂದಳು. "ನಾ ಹೋದ ವರ್ಷಾನೂ ಹೇಳಿದ್ನಲ್ಲಾ."

ಗೋದಲಿಯಿಂದ ಗೊಂಬೆಯ ಕೂಸು ಉರುಳಿ ಕುರಿಗಳ ಕಾಲ ನಡುವೆ ಬಿದ್ದಿತ್ತು. ತಾರವ್ವ ಬಗ್ಗಿ ಎತ್ತಿಕೊಂಡಳು. ಗೊಂಬೆ ಎಂದು ಅವಳ ಕೈಗೆ ತಿಳಿಯಲಿಲ್ಲವೋ ಏನೋ, ಧೂಳು ಊದಿ, ಸೆರಗಿನಲ್ಲಿ ಸುತ್ತಿ, ತಲೆಗೆ ಗಾಳಿ ತಾಗದಂತೆ ಎದೆಗೆ ಒತ್ತಿಕೊಂಡು ನಿಂತಳು. ಇನ್ನೊಂದು ಕೈಯಿಂದ ಕುರಿ ದೂಡುತ್ತಲೇ ಇದ್ದಳು. "ನಡೀರಿ, ನಡೀರಿ, ಜಾಗಾ ಇಲ್ಲಂತ ಇಲ್ಲೆ."

ಕೋಮಲ ಅದನ್ನು ನೋಡುತ್ತ ನಿಂತಳು. ಮರಿಯ ಕಾಲ ಕೆಳಗಿನಿಂದ ಸೀರೆಯ ಅಂಚು ಮೆಲ್ಲಗೆ ಬಿಡಿಸಿಕೊಂಡಳು. ಒಂದು ಸಲ ಮೂಗು ಎಳೆದುಕೊಂಡಳು. ಆಮೇಲೆ ಮನೆಯಲ್ಲಿ ಜೋರು ಮಾಡುವ ಅದೇ ದನಿಯಲ್ಲಿ ಅಂದಳು:

"ಎಲ್ಲಿ ಹೊಂಟೀರಿ ಕಾಕಾ? ಹೊಳ್ಳಸಬ್ಯಾಡ್ರಿ. ಏನ್ರಿ, ಸಾಂತಾ! ಹಂಗ ನಿಂತೀರಲ್ಲ, ಕುರ್ಚಿ ಸರಸ್ರಿ. ಕುರಿಗೆ ಜಾಗಾ ಮಾಡ್ರಿ."

ಮಲಕಾರಿ ಕದಲಲಿಲ್ಲ. "ಬ್ಯಾಡ ತಂಗಿ. ಒಮ್ಮಿ ಇಲ್ಲ ಅಂದದ್ದು..."

"ಅಂದದ್ದು ನಾನು," ಅಂದಳು ಕೋಮಲ. "ಫೋನ್ ಹಚ್ಚಿದವ್ರು ಅವ್ರು, ಅನಿಸಿದಾಕಿ ನಾನು. ಹೊಲಾ ಎಂದೂ ಬ್ಯಾಡ ಅಂದಿಲ್ಲ. ನನ್ನ ಮ್ಯಾಲ ಸಿಟ್ಟ ಮಾಡ್ರಿ, ಹೊಲದ ಮ್ಯಾಲ ಮಾಡಬ್ಯಾಡ್ರಿ. ಅತ್ಯಾ ಇನ್ನೂ ಓದಿಲ್ಲ ಕಾಕಾ."

ಮಲಕಾರಿ ಹೋತದ ಕಡೆ ನೋಡಿದ. ತಾರವ್ವ ಅಂದಳು, "ಏನ್ ನೋಡ್ತೀಯೋ, ಹೋತ ಮೊದಲ ಹೇಳೇತಿ. ಕುಂದ್ರು."

ಅವನು ಕುಳಿತ. ಅವನು ಕುಳಿತದ್ದು ನೋಡಿ ಮಂದಿಯೂ ಕುರ್ಚಿ ಬಿಟ್ಟು ನೆಲಕ್ಕೆ ಕುಳಿತರು. ಪಾಸ್ಟರ್ ಹಾಲೇಶ ತಾವೇ ಬಂದು ನನ್ನ ಕೈ ಹಿಡಿದು ಎಬ್ಬಿಸಿದರು. "ಆಯಿ, ತಪ್ಪ ತಿಳೀಬ್ಯಾಡ್ರಿ," ಎಂದು ಕಿವಿಯಲ್ಲಿ ಅಂದರು. "ತಪ್ಪೇನೈತಿ, ನಡಿರಿ," ಅಂದೆ. ಪಡುವಣದ ಬೆಳಕು ಕಡಿಮೆಯಾಗಿತ್ತು. ಕೋಮಲ ಫೋನಿನ ಬೆಳಕು ಹಚ್ಚಿ ಪುಸ್ತಕದ ಮೇಲೆ ಹಿಡಿದಳು. ನಾನು ಬೆರಳಿಟ್ಟೆ.

ಓದಿದೆ. ಕುರಿ ಕಾಯುತ್ತಿದ್ದವರ ಸುತ್ತ ಬೆಳಕು ಬಂದದ್ದು, ಅವರು ಅಂಜಿದ್ದು, ಅಂಜಬೇಡಿರಿ ಎಂದು ದೂತನು ಹೇಳಿದ್ದು, ಗೋದಲಿಯಲ್ಲಿ ಮಲಗಿದ ಕೂಸೇ ಗುರುತು ಎಂದದ್ದು. ಎಷ್ಟು ವರ್ಷ ಓದಿದ್ದೆನೋ. ಗೋದಲಿ ಎನ್ನುವ ಮಾತಿನ ಹತ್ತಿರ ಬಂದಾಗ ಈ ಸಲ ಬೆರಳು ತಾನಾಗಿ ನಿಂತಿತು. ಹೋತ ಇನ್ನೂ ಅದನ್ನೇ ನೆಕ್ಕುತ್ತಿತ್ತು. ಗೋದಲಿ ಎಂದರೆ ಹಸಿದವು ಬಂದು ತಿನ್ನುವ ಜಾಗ. ಸ್ವಾಮಿ ಬೇರೆಲ್ಲೂ ಮಲಗಲಿಲ್ಲ, ಅಲ್ಲಿ ಮಲಗಿದ. ಅಷ್ಟು ವರ್ಷ ಓದಿದವಳಿಗೆ ಅದನ್ನು ಹೋತ ತೋರಿಸಿಕೊಡಬೇಕಾಯಿತು. ಓದಿ ಮುಂದಕ್ಕೆ ಹೋದೆ. ಕುರುಬರು ಎದ್ದು ಕೂಸನ್ನು ನೋಡಲು ಊರಿಗೆ ಹೊರಟರು ಎನ್ನುವಲ್ಲಿಗೆ ಬಂದೆ. ಅಲ್ಲಿ ಮಲಕಾರಿ ಪ್ರತಿ ವರ್ಷ ತಡೆಯುತ್ತಾನೆ, ಅವನಪ್ಪನೂ ತಡೆಯುತ್ತಿದ್ದ. ಈ ವರ್ಷವೂ ತಡೆದ. ಅವನು ತಡೆದದ್ದೇ ನನ್ನ ಎದೆ ಹಗುರಾಯಿತು. ಮನಸ್ಸು ಕೊಟ್ಟು ಕೇಳುತ್ತಿದ್ದಾನೆ.

"ನಿಂದ್ರಕ್ಕಾ. ಅವ್ರು ಹೋದ್ರು ಸರಿ. ಕುರಿ ಯಾರ ಹತ್ರ ಬಿಟ್ಟ ಹೋದ್ರು?"

ಇದಕ್ಕೆ ಪುಸ್ತಕದಲ್ಲಿ ಉತ್ತರವಿಲ್ಲ. ನಮ್ಮ ಯಜಮಾನರು, ದೂತರು ಕಾದಿರಬೇಕು ಅನ್ನುತ್ತಿದ್ದರು. ಅಮೋಘಸಿದ್ದ ಒಪ್ಪುತ್ತಿರಲಿಲ್ಲ. "ರೆಕ್ಕಿ ಇದ್ದವ್ರಿಗೆ ಕುರಿ ಹೆದರತಾವರಿ" ಅನ್ನುತ್ತಿದ್ದ. ಒಂದು ವರ್ಷ ತಾರವ್ವ, "ಹೆಂಡ್ರ ಹತ್ರ ಬಿಟ್ಟ ಹೋಗಿರಬೇಕು, ಮತ್ತ್ಯಾರ ಹತ್ರ? ಬರದವ ಗಂಡಸ ಇದ್ದಾನು, ಬರದಿಲ್ಲ," ಅಂದಿದ್ದಳು.

"ಜೋಡೀಲೆ ಹೊಡಕೊಂಡ ಹೋಗಿರತಾರ," ಅಂದಿತು ಒಂದು ದನಿ. ಉಜ್ವಲಾ. ಮಡಿಲಲ್ಲಿ ಮರಿ, ಮೂಗಿನ ಕೆಳಗೆ ಮೀಸೆ. "ಎಲ್ಲಾ ಕುರಿ ಹೋಗಿ ಗ್ವಾದ್ಲ್ಯಾಗಿನ ಮೇವು ತಿಂದ್ವು. ಗ್ವಾದ್ಲಿ ಖಾಲಿ ಆತು. ಅದಕ್ಕ ಕೂಸಿಗೆ ಮಲಗಾಕ ಜಾಗಾ ಆತು."

ಮಲಕಾರಿ ತೊಡೆ ತಟ್ಟಿದ. "ಹಾಂ! ನಮ್ಮಪ್ಪ ಇರಬೇಕಿತ್ತು ಇದನ್ನ ಕೇಳಾಕ. ಕುರಿ ಬಿಟ್ಟು ಕುರುಬ ಹೋಗಂಗಿಲ್ಲ, ನಾ ಮೊದಲಿಂದ ಹೇಳ್ತೀನಿ."

ತಾರವ್ವ ಸೆರಗಿನಿಂದ ಗೊಂಬೆ ಬಿಡಿಸಿ, ಖಾಲಿಯಾದ ಗೋದಲಿಯಲ್ಲಿ ಮಲಗಿಸಿದಳು. ಹೋತ ಅದರ ಹಣೆಯ ಉಪ್ಪು ಒಮ್ಮೆ ನೆಕ್ಕಿ ಸುಮ್ಮನಾಯಿತು.

ಆಮೇಲೆ ಊಟ. ಹೋದ ವರ್ಷ ಅವರ ಹಿಂಡು ಮಲಗಿದ ನೆಲದ ಸಜ್ಜಿ, ಅದರ ರೊಟ್ಟಿ, ಝುಣಕ, ಮೇಲೆ ಕೋಮಲ ತರಿಸಿದ್ದ ಕೇಕು. ಅಮಿತನೂ ನೆಲಕ್ಕೆ ಕುಳಿತು ಉಂಡ. ತನ್ನ ಪೆಂಡಾಲು ಹೋದದ್ದಕ್ಕೆ ಅವನು ಮುಖ ಕೆಡಿಸಿಕೊಳ್ಳಲಿಲ್ಲ. ಬದಲಿಗೆ ಮಿಕ್ಸರಿನ ಡಬ್ಬಿ ತಂದು ತಾರವ್ವನ ಮುಂದಿಟ್ಟ. "ಲಕ್ಕಿ ಡ್ರಾ ಆಗಲಿಲ್ಲ, ನೀವ ತಗೋರಿ ಕಾಕೂ."

ತಾರವ್ವ ಡಬ್ಬಿ ತಿರುಗಿಸಿ ನೋಡಿ, ವಾಯರಿನ ತುದಿ ಹಿಡಿದು ಕೇಳಿದಳು: "ಇದನ್ನ ಯಾವ ಕುರಿ ಬಾಲಕ್ಕ ಚುಚ್ಚಲೋ ಅಪ್ಪಾ?"

ನಗು ನಿಲ್ಲಲು ಬಹಳ ಹೊತ್ತಾಯಿತು. ಕೋಮಲಳೂ ನಕ್ಕಳು, ಕಣ್ಣು ಒರೆಸಿಕೊಳ್ಳುತ್ತ.

ಬೆಳಿಗ್ಗೆ ನಾನು ಬಾಗಿಲ ಹಿಂದಿನ ಗೂಟ ಹಿಡಿದುಕೊಂಡು ಹೋಗುವಷ್ಟರಲ್ಲಿ ಹಿಂಡು ರಸ್ತೆಗೆ ಹತ್ತಿತ್ತು. ಮೂಲೆಯಲ್ಲಿ ಬಿಟ್ಟು ಹೋಗಲು ಆ ಹಳೆಯ ಗೂಟ ಅಲ್ಲಿಲ್ಲವಲ್ಲ ಎಂದು ನಾನು ಅವಸರ ಮಾಡಿದ್ದೆ. ಮಲಕಾರಿ ನಿಂತಿದ್ದ. ಗೂಟ ನೋಡಿ ಗುರುತು ಹಿಡಿದ. "ಇಟ್ಟಿದ್ಯಾ ಅಕ್ಕಾ," ಅಂದ, ಅಷ್ಟೇ. ಅದನ್ನು ಇಸಿದುಕೊಂಡು ಮೂಲೆಗೆ ಹೋಗಿ ಕಲ್ಲಿನಿಂದ ಬಡಿದ. ಮೊದಲಿಗಿಂತ ಒಂದು ಗೇಣು ಆಳಕ್ಕೆ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ದೇವರೇ ನಿನ್ನ ಉಪಕಾರ ದೊಡ್ಡದು ಅಂದೆ.

ಮನೆಗೆ ಬಂದರೆ ಕೋಮಲ ಅಂಗಳದಲ್ಲಿ ನಿಂತು ಫೋನಿನಲ್ಲಿ ಜೋರು ಮಾಡುತ್ತಿದ್ದಳು. ಪೆಂಡಾಲು ಬಿಚ್ಚಲು ಬರುವವರ ಜೊತೆ.

"ಬರ್ರಿ, ಬಿಚ್ರಿ. ಹಿಕ್ಕಿ ಮಾತ್ರ ಕಸಬರಿಗಿ ಹಾಕಿ ಬಳೀಬ್ಯಾಡ್ರಿ, ಅದು ಹೊಲದ್ದು. ಮತ್ತ ಕೇಳ್ರಿಲ್ಲೆ, ಆ ಮೂಲ್ಯಾಗ ಒಂದು ಗೂಟ ಐತಿ. ಅದನ್ನ ಮುಟ್ಟಿದ್ರ ನೋಡ್ರಿ."